ತಂಗಿಯ ಪಾಲಿನ ಪದ: ವಾದ ಹಾಡಿ ಗೆದ್ದ ನನ್ನ ಅನುಭವ

"ಪದದಾಗ ಕಣ್ಣೀರು ತರಸಬಹುದು, ಖಟ್ಲೆ ಗೆಲ್ಲಾಕ ಬರಂಗಿಲ್ಲ" ಅಂತ ನಮ್ಮೂರಿನ ನಿವೃತ್ತ ಮಾಸ್ತರರು ಹೇಳಿ ಆರು ವರ್ಷವಾಗಿರಬೇಕು. ಬೆಂಗಳೂರಿನಲ್ಲಿರುವ ಕವಿ ಗೆಳೆಯನದು ಇನ್ನೊಂದು ರಾಗ: ವಾದ ಹೊಕ್ಕರೆ ಕವಿತೆ ಕರಪತ್ರವಾಗುತ್ತದಂತೆ. ಹೋದ ವರ್ಷ ಇಂಡಿ ಕಡೆಯ ಒಂದು ಜಾತ್ರೆಯಲ್ಲಿ, ಬೆಳಗಿನ ನಾಲ್ಕರ ಸುಮಾರಿಗೆ, ಸವಾಲು-ಜವಾಬಿನ ಪದಗಳ ಪೈಪೋಟಿಯಲ್ಲಿ ಗಂಡೇ ಹೆಚ್ಚು ಅಂತ ಹಾಡುವ ಹರದೇಶಿ ಮೇಳದವರು ನಮ್ಮ ಸವಾಲಿಗೆ ಜವಾಬು ಕೊಡಲಾಗದೆ ದೇವರ ಪದಕ್ಕೆ ಹೊರಳಿಬಿಟ್ಟರು. ಆಮೇಲೆ ಮಾಸ್ತರರೂ ಗೆಳೆಯನೂ ತುಟಿ ಪಿಟಕ್ಕೆಂದಿಲ್ಲ.

ನಾನು ಹೆಣ್ಣಿನ ಪರ ಹಾಡುವ ನಾಗೇಶಿ ಮೇಳಕ್ಕೆ ಪದ ಕಟ್ಟುವವನು. ನನ್ನ ದನಿ ಒಡಕು ಗಡಿಗೆ, ಹಾಡುವುದು ನಮ್ಮ ಮೇಳದ ಹಾಡುಗಾರ್ತಿ, ಬಾಯಾರು. ಬೀಜವಾದ ಗಂಡು ದೊಡ್ಡದೋ ಹೊಲವಾದ ಹೆಣ್ಣು ದೊಡ್ಡದೋ ಅಂತ ರಾತ್ರಿಯೆಲ್ಲ ಗುದ್ದಾಡಿ ಬೆಳಿಗ್ಗೆ ಮಂಗಳಾರತಿ ಮಾಡಿ ಏಳುವುದು ನಮ್ಮ ರೂಢಿ. ನನಗೆ ಬೇರೆ ಹುಳ ಹೊಕ್ಕಿದ್ದು ಸಬ್ ರಜಿಸ್ಟ್ರಾರ್ ಕಚೇರಿಯ ಕಟ್ಟೆಯ ಮೇಲೆ. ಅಕ್ಕತಂಗಿಯರು ಮೂವರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿ ಹೊರಗೆ ಬಂದರು. ಅಣ್ಣ ಒಬ್ಬೊಬ್ಬರಿಗೆ ಒಂದು ಸೀರೆ, ಒಂದು ಪ್ಲೇಟು ಭಜಿ ಕೊಡಿಸಿದ. ಬಿಟ್ಟುಕೊಟ್ಟದ್ದು ನಾಲ್ಕೆಕರೆ ನೀರಾವರಿಯಲ್ಲಿ ಅವರ ಪಾಲು.

ಮೊದಲನೇ ಪದ ಪೂರ್ತಿ ಕಾಯಿದೆ. ವಕೀಲರೊಬ್ಬರಿಗೆ ಐದುನೂರು ಕೊಟ್ಟು ಬರೆಸಿಕೊಂಡಿದ್ದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಕೊಟ್ಟ 1994ರ ನಮ್ಮ ರಾಜ್ಯದ ತಿದ್ದುಪಡಿ, 2005ರ ಕೇಂದ್ರದ್ದು, ಆ ತಿದ್ದುಪಡಿ ಬಂದಾಗ ಅಪ್ಪ ಬದುಕಿರಲೇಬೇಕೆಂದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು, ಎಲ್ಲ ತುರುಕಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ಆಸ್ತಿ ಹಂಚಿಕೆಯ ವಾಟ್ನಿಗೆ ಇದು ತಾಗುವುದಿಲ್ಲ ಅನ್ನುವುದನ್ನೂ ಬಿಡಲಿಲ್ಲ. ದನಿ ಏರಿಸಿ ಹಾಡುವ 'ಏರು' ಭಾಗಕ್ಕೆ ಬರುವಷ್ಟರಲ್ಲಿ ನಮ್ಮ ತುಂತುಣಿ ನುಡಿಸುವವನೇ ಆಕಳಿಸಿದ. ಬಕ್ಷೀಸು ನೂರಾ ಎಪ್ಪತ್ತು, ಟಂಟಂ ಬಾಡಿಗೆ ಎಂಟುನೂರು.

ಎರಡನೇದು ಬರೀ ಅಳು. ತವರಿನ ಬಾಗಿಲು, ಅವ್ವನ ಸೆರಗು, ಬಾವಿಯ ಹಗ್ಗ. ಹೆಣ್ಣುಮಕ್ಕಳು ಬಿಕ್ಕಿ ಬಿಕ್ಕಿ ಅತ್ತರು, ಒಂದೇ ರಾತ್ರಿ ನಾಲ್ಕು ಸಾವಿರದ ಮೇಲೆ ಬಂತು. ನಾನು ಉಬ್ಬಿಹೋದೆ. ಹದಿನೈದು ದಿನ ಬಿಟ್ಟು, ಎಲ್ಲರಿಗಿಂತ ಹೆಚ್ಚು ಅತ್ತಿದ್ದ ಅಕ್ಕ ಸಂತೆಯಲ್ಲಿ ಸಿಕ್ಕಳು. "ನಿಮ್ಮ ಪದಾ ಕೇಳಿದ ಮ್ಯಾಲ ತವರು ಎಷ್ಟ ದೊಡ್ಡದು ಅನ್ನೂದು ತಿಳೀತ್ರಿ. ಯಾಕ ಜಗಳಾ ಅಂತ ಸಹಿ ಮಾಡಿ ಬಂದೆ" ಅಂದಳು. ನನ್ನ ಪದ ಅವಳಣ್ಣನ ವಕಾಲತ್ತು ಮಾಡಿತ್ತು!

ಅಲ್ಲಿಂದ ಎಂಟು ತಿಂಗಳು ಏನೂ ಕಟ್ಟಲಿಲ್ಲ. ನಡುವೆ ಹುಚ್ಚು ಹಿಡಿದು ಭಾಮಿನಿ ಷಟ್ಪದಿಗೆ ಕೈ ಹಾಕಿದೆ. ತನ್ನನ್ನು ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕೆಲ್ಲಿ ಅನ್ನುವ ದ್ರೌಪದಿಯ ಪ್ರಶ್ನೆಯನ್ನು ಕುಮಾರವ್ಯಾಸ ಅದರಲ್ಲೇ ತಂದಿದ್ದಾನಲ್ಲ, ನನಗೂ ಬಂದೀತು ಅನ್ನಿಸಿತ್ತು. ಹದಿನಾಲ್ಕು ಮಾತ್ರೆಯ ಸಾಲು ಹೆಂಗೋ ಸಾಗಿತು. ಮೂರನೇ ಸಾಲಿನ ಇಪ್ಪತ್ಮೂರು ತುಂಬಿಸಲು 'ಕೇಳಣ್ಣ', 'ನೋಡಣ್ಣ' ಅಂತ ಹೊಟ್ಟು ತುಂಬಬೇಕಾಯಿತು. ಬಿಟ್ಟೆ. ತ್ರಿಪದಿ ವಾಸಿ. ನಡೆವ ಭೂಮಿ, ಕುಡಿವ ನೀರು, ಸುಡುವ ಬೆಂಕಿ ಒಂದೇ ಅಂತ ಮೂರು ಸಾಕ್ಷಿ ನಿಲ್ಲಿಸಿ ಕುಲಗೋತ್ರ ಎಲ್ಲಿಂದ ಬಂತು ಅಂತ ಸರ್ವಜ್ಞ ಕೇಳುವುದು ವಾದವಲ್ಲದೆ ಮತ್ತೇನು? ಆದರೆ ಅದರಲ್ಲಿ ಒಂದು ಏಟಿಗೆ ಜಾಗ, ಎದುರಾಳಿಯ ಮಾತಿಗೆ ಜಾಗವಿಲ್ಲ.

ಮೂರನೇ ಸಲ ಅಣ್ಣನಿಂದಲೇ ಶುರು ಮಾಡಿದೆ. ಅವನ ಮೂರು ಮಾತು: ಲಗ್ನಕ್ಕೆ ಖರ್ಚಾಗಿದೆ, ಪಾಲು ಕೇಳಿದರೆ ತವರು ತಪ್ಪುತ್ತದೆ, ಅಪ್ಪ ಅವ್ವನ್ನ ಸಾಕಿದವನು ನಾನು. ಇವನ್ನು ಪದದ ಚಾಲ ಅನ್ನುವ ಭಾಗದಲ್ಲಿ ಭರ್ಜರಿಯಾಗಿ, ಹರದೇಶಿಯವರೇ ಹಾಡಿದರೇನೋ ಅನ್ನುವ ಹಾಗೆ ಇಟ್ಟೆ. ಗಂಡಸರು ಸೀಟಿ ಹೊಡೆದರು. "ನಮ್ಮ ಬಾಯಿಂದ ಅವರ ಮಾತು ಯಾಕ ಹಾಡಸ್ತೀರಿ?" ಅಂತ ಬಾಯಾರು ನನ್ನೊಡನೆ ಎರಡು ದಿನ ಮಾತು ಬಿಟ್ಟಿದ್ದರು. ಆಮೇಲೆ ಏರಿನಲ್ಲಿ:

ನನ್ನ ಲಗ್ನದ ಖರ್ಚ ಹಿಡದಿ, ಪಾಲಿನಾಗ ಮುರಕೊಂಡಿ
ನಿನ್ನ ಲಗ್ನಕೂ ಹಂದರ ಇತ್ತಲ್ಲೋ, ಅದನ ಎಲ್ಲಿ ಬರಕೊಂಡಿ?

ತವರಿನ ಮಾತಿಗೆ:

ಸಹಿ ಮಾಡಿದ ವರ್ಷ ಕರದಿ ಪಂಚಮಿಯ ಉಂಡಿಗೆ
ಮರುವರ್ಷ ಯಾಕ ದಾರಿ ಮರತಿತೋ ನಿನ್ನ ಬಂಡಿಗೆ?

ಮೂರನೇ ಮಾತಿಗೆ ನನ್ನ ಹತ್ತಿರ ಜವಾಬಿರಲಿಲ್ಲ. 2011ರಲ್ಲಿ ನನ್ನ ತಂಗಿಯ ಸಹಿ ತಗೊಂಡಾಗ ನಾನೂ ಅದನ್ನೇ ಅಂದಿದ್ದೆ. ಅದಕ್ಕೆ ಪದದಲ್ಲಿ ಒಪ್ಪಿಕೊಂಡೆ: ಸಾಕಿದ್ದಕ್ಕೆ ಬೇರೆ ತೆಗೆದಿಡು, ಉಳಿದದ್ದರಲ್ಲಿ ಲೆಕ್ಕ ಮಾಡೋಣ. ವಿಚಿತ್ರವೆಂದರೆ ಅಲ್ಲಿಯೇ ಜನ ಮುಂದಕ್ಕೆ ಸರಿದು ಕೂತರು. ಒಂದು ಸೋತುಕೊಟ್ಟಿದ್ದರಿಂದ ಉಳಿದೆರಡನ್ನು ನಂಬಿದರು ಅಂತ ಕಾಣುತ್ತದೆ.

ಇಂಡಿ ಜಾತ್ರೆಯ ಆ ರಾತ್ರಿ ಎದುರಿನವರು ಹೆಣ್ಣು ಬರೀ ಹೊಲ, ಹೊಲ ಅಂತ ಹನ್ನೆರಡರಿಂದ ಹಾಡಿದ್ದರು. ಬಾಯಾರು ದನಿ ಇಳಿಸುವ ಇಳುವಿನಲ್ಲಿ ಮೆಲ್ಲಗೆ ಕೇಳಿದರು: ನಾನೇ ಹೊಲವಾದರೆ, ಪಹಣಿಯಲ್ಲಿ ನನ್ನ ಹೆಸರು ಯಾಕಿಲ್ಲ? ದಪ್ಪು ವಾದ್ಯ ಅಲ್ಲಿ ತಾಳದ ಒಂದು ಆವರ್ತ ಸುಮ್ಮನಿರುತ್ತದೆ. ಎಲ್ಲಿ, ಎಷ್ಟು ಹೊತ್ತು ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಗೆದ್ದೆವು ಅಂತ ನನಗೆ ಖಾತ್ರಿಯಾಗಿದ್ದು ಬೆಳಿಗ್ಗೆ ಚಹಾದಂಗಡಿಯಲ್ಲಿ. "ನಿನ್ನ ಹಂದರದ ಖರ್ಚು ಯಾವ ಹೊಲಕ ಹಚ್ಚಿದ್ರೋ?" ಅಂತ ಒಬ್ಬ ಇನ್ನೊಬ್ಬನನ್ನು ಕೆಣಕುತ್ತಿದ್ದ. ರಾಗವಿಲ್ಲ, ತಾಳವಿಲ್ಲ, ಪ್ರಾಸವೂ ಉದುರಿಹೋಗಿತ್ತು, ಮಾತು ಮಾತ್ರ ಗಟ್ಟಿಯಾಗಿ ನಿಂತಿತ್ತು. ಎರಡನೇ ಪದದ ಒಂದು ಸಾಲೂ ಹಿಂಗೆ ಯಾರ ಬಾಯಲ್ಲೂ ಉಳಿದಿರಲಿಲ್ಲ.

ಈಗ ಮೇಳಕ್ಕೆ ರಾತ್ರಿಗೆ ಇಪ್ಪತ್ತೈದು ಸಾವಿರದ ಹತ್ತಿರ ಕೊಡುತ್ತಾರೆ, ಮೊದಲು ಹದಿನೈದು ಹದಿನಾರಿತ್ತು. ನನ್ನ ಪಾಲು ಮೂರು ಸಾವಿರ, ಕೆಲವು ಸಲ ಅದೂ ಇಲ್ಲ. ಒಂದೂರಿನ ಹಿರಿಯರು "ಆ ಪದಾ ಒಂದು ಬ್ಯಾಡ್ರಿ" ಅಂದಿದ್ದಕ್ಕೆ ಎರಡು ಸಾವಿರದ ಸಂಚಕಾರ ವಾಪಸ್ಸು ಕೊಟ್ಟು ಬಂದೆವು. ಬಾಯಾರೇ ಎಣಿಸಿ ಕೊಟ್ಟರು. ತಂಗಿಗೆ ಈ ಸಲ ಪಂಚಮಿಗೆ ಫೋನು ಮಾಡಿದ್ದೆ. ಬಂದಳು, ಪದದ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹರದೇಶಿ ಕಡೆಯ ಕವಿ ಜವಾಬು ಕಟ್ಟುತ್ತಿದ್ದಾನೆ ಅಂತ ಸುದ್ದಿ. ಗಂಡನ ಮನೆಯ ಪಾಲೂ ಬೇಕು, ತವರಿನದೂ ಬೇಕೇನು ಅಂತಲೇ ಬರುತ್ತಾನೆ, ಬೇರೆ ದಾರಿಯಿಲ್ಲ ಅವನಿಗೆ. ಅದಕ್ಕೆ ಎರಡು ನುಡಿ ಆಗಲೇ ಕಟ್ಟಿಟ್ಟಿದ್ದೇನೆ.