ಕೇಂದ್ರ ಮುಚ್ಚಿತು, ಫೋನು ಮುಚ್ಚಲಿಲ್ಲ

2021ರಲ್ಲಿ ರಾಜ್ಯದ ಹಲವು ತಾಲ್ಲೂಕುಗಳಲ್ಲಿ ಹಿಂಸೆಗೆ ಒಳಗಾದ ಹೆಂಗಸರಿಗೆ ನೆರವಾಗುತ್ತಿದ್ದ ಸಾಂತ್ವನ ಕೇಂದ್ರಗಳನ್ನು ಮುಚ್ಚಲು ಹೊರಟಾಗ ಕೇಳಿಬಂದ ಕಾರಣ ನಿಮಗೆಲ್ಲ ನೆನಪಿರಬಹುದು: ಇದೇ ಕೆಲಸಕ್ಕೆ ಜಿಲ್ಲೆಗೊಂದು ಸಖಿ ಕೇಂದ್ರ ಇದೆಯಲ್ಲ. ಸಕಲೇಶಪುರದಿಂದ ಹಾಸನಕ್ಕೆ ನಲವತ್ತು ಕಿಲೋಮೀಟರ್. ಹಾನುಬಾಳಿನ ಆಚೆಯ ಕಾಫಿ ತೋಟದ ಕೂಲಿಗಳ ಲೈನ್ ಮನೆಯಿಂದಾದರೆ ಇನ್ನೂ ಇಪ್ಪತ್ತು ಸೇರಿಸಿಕೊಳ್ಳಿ. ಬಟವಾಡೆಯ ರಾತ್ರಿ ಕುಡಿದು ಬಂದವನಿಂದ ಏಟು ತಿಂದವಳು ಕೈಯಲ್ಲೊಂದು ಮಗು ಹಿಡಿದು ಅಷ್ಟು ದೂರ ಹೋಗುವುದು ಹೇಗೆಂದು ಯಾರೂ ಹೇಳಲಿಲ್ಲ.

ಸಕಲೇಶಪುರದ ನಮ್ಮ ಸಾಂತ್ವನ ಕೇಂದ್ರ ಅದಕ್ಕೂ ಮೊದಲೇ ಕುಂಟುತ್ತಿತ್ತು. ಅನುದಾನ ಆರೇಳು ತಿಂಗಳು ತಡ, ಗೌರವಧನ ಬಾಕಿ, ಕಟ್ಟಡದ ಮಾಲೀಕರ ಮುಖ ನೋಡಲು ನಾಚಿಕೆ. ಕೊನೆಗೆ ಅನುದಾನ ಪೂರ್ತಿ ನಿಂತಾಗ ಆಡಳಿತ ಮಂಡಳಿಯವರು, ‘ಬಾಗಿಲು ಹಾಕಿಬಿಡಿ ಮೇಡಂ, ನೀವೂ ಬೇರೆ ಕೆಲಸ ನೋಡಿಕೊಳ್ಳಿ’ ಎಂದರು. ಬಾಗಿಲು ಹಾಕಿದೆ. ಹೆಂಗಸರು ನೆರವಿಗೆ ಕರೆ ಮಾಡುವ ಕೇಂದ್ರದ ಫೋನು ಮಾತ್ರ ನನ್ನ ಬಳಿಯೇ ಇಟ್ಟುಕೊಂಡೆ. ‘ಎಷ್ಟು ದಿನ ನೋಡೋಣ’ ಎಂದು ನಕ್ಕವರಲ್ಲಿ ಇಬ್ಬರು ಈಚೆಗೆ ತಮ್ಮ ತಾಲ್ಲೂಕಿನಲ್ಲೂ ಇದನ್ನೇ ಮಾಡಬೇಕು, ಹೇಗೆಂದು ಹೇಳಿ ಎಂದು ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಹಿಂದೆ ಅಲೆದ ಕಥೆ. ಒಂದು ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ವಿಭಾಗ ಒಪ್ಪಿತು; ಆಮೇಲೆ ಫಲಾನುಭವಿಗಳ ಫೋಟೊ ಬೇಕು, ಹಿಂದೆ ತಮ್ಮ ಬ್ಯಾನರ್ ಕಾಣಬೇಕು ಎಂದಿತು. ಏಟಿನ ಗುರುತು ಆರದ ಹೆಂಗಸನ್ನು ಬ್ಯಾನರ್ ಮುಂದೆ ನಿಲ್ಲಿಸುವುದಕ್ಕಿಂತ ಉಪವಾಸ ವಾಸಿ ಎಂದು ಕಡತ ಹಿಂದಕ್ಕೆ ತಂದೆ. ವಿದೇಶಿ ದೇಣಿಗೆಯ ದಾರಿ ಅದರ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ ನಮ್ಮಂಥ ಸಣ್ಣವರಿಗಲ್ಲ. ಆಡಳಿತ ವೆಚ್ಚಕ್ಕೆ ಶೇ 20ರ ಮಿತಿ ಎಂದರೆ, ನಮ್ಮಲ್ಲಿ ಸಂಬಳವೇ ಸೇವೆ ಎಂಬುದನ್ನು ಲೆಕ್ಕ ಪರಿಶೋಧಕರಿಗೆ ಅರ್ಥಮಾಡಿಸುವಷ್ಟರಲ್ಲಿ ವರ್ಷ ಮುಗಿಯುತ್ತದೆ. ಉಪ್ಪಿನಕಾಯಿ ಮಾರಿದೆವು. ಜೀರಿಗೆ ಮಾವಿನ ಮಿಡಿ ಸಿಕ್ಕ ವರ್ಷ ಹನ್ನೆರಡು ಸಾವಿರ ಬಂತು, ಮರುವರ್ಷ ಮಿಡಿಯೇ ಇಲ್ಲ. ಅರೇಬಿಕಾ ಪಾರ್ಚ್‌ಮೆಂಟ್ ಕಾಫಿ ಚೀಲಕ್ಕೆ 25 ಸಾವಿರ ದಾಟಿದ ಹಂಗಾಮಿನಲ್ಲಿ ಬೆಳೆಗಾರರ ಬಳಿ ಹೋಗಿ ತೋಟಕ್ಕೊಂದು ಚೀಲ ಕೇಳಿದೆ. ಮೂರು ಚೀಲ ಸಿಕ್ಕಿತು. ಕೊಟ್ಟವರಲ್ಲಿ ಒಬ್ಬರು ತಮ್ಮ ತೋಟದ ರೈಟರ್ (ಮೇಲ್ವಿಚಾರಕ) ಮೇಲಿನ ದೂರು ಕೈಬಿಡಬಹುದೇ ಎಂದು ಮೆಲ್ಲಗೆ ವಿಚಾರಿಸಿದರು. ಆ ಚೀಲ ವಾಪಸು ಹೋಯಿತು. ಅಂದಿನಿಂದ ತೋಟದ ಮಾಲೀಕರ ಹಣ ನಮಗೆ ಬೇಡ.

ಆಮೇಲೆ ಲೆಕ್ಕವನ್ನೇ ತಿರುಗಿಸಿ ನೋಡಿದೆ. ಕೇಂದ್ರಕ್ಕೆ ತಿಂಗಳಿಗೆ ಅರವತ್ತು ಸಾವಿರದ ಹತ್ತಿರ ಖರ್ಚಿತ್ತು. ಅದರಲ್ಲಿ ಬೇರೆಯವರು ಆಗಲೇ ಕೊಡುತ್ತಿರುವುದು ಯಾವುದು, ಯಾರೂ ಕೊಡದಿರುವುದು ಯಾವುದು? ವಕೀಲರ ಶುಲ್ಕ ತಾಲ್ಲೂಕು ಕಾನೂನು ಸೇವಾ ಸಮಿತಿಯದು. ಅಲ್ಲಿಂದ ಉಚಿತ ನೆರವು ಪಡೆಯಲು ಹೆಂಗಸಿಗೆ ಆದಾಯದ ಮಿತಿಯೇ ಇಲ್ಲ. ಆದರೂ ನಮ್ಮಲ್ಲಿ ಅರ್ಧ ಜನ ಖಾಸಗಿ ವಕೀಲರಿಗೆ ಎರಡು ಮೂರು ಸಾವಿರ ಕೊಟ್ಟು ಅರ್ಜಿ ಬರೆಸುತ್ತಿದ್ದೆವು. ನ್ಯಾಯಾಲಯದ ಆದೇಶದ ಪ್ರತಿಗೂ ದುಡ್ಡು ಕಟ್ಟುತ್ತಿದ್ದೆವು, ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 24ನೇ ಕಲಂ ಉಚಿತವಾಗಿ ಕೊಡಬೇಕೆಂದು ಹೇಳುತ್ತಿದ್ದರೂ. ಆ ಕಲಮನ್ನು ಝೆರಾಕ್ಸ್ ಮಾಡಿಸಿ ಪ್ರತಿ ಅರ್ಜಿಯ ಜೊತೆ ಲಗತ್ತಿಸಿದ ಮೇಲೆ ಯಾರೂ ತಕರಾರು ತೆಗೆದಿಲ್ಲ. ಬಸ್ಸಿನ ಖರ್ಚನ್ನು 2023ರ ಜೂನ್‌ನಲ್ಲಿ ಬಂದ, ಹೆಂಗಸರಿಗೆ ಉಚಿತ ಬಸ್ಸಿನ ಶಕ್ತಿ ಯೋಜನೆ ಇಲ್ಲವಾಗಿಸಿತು. ನ್ಯಾಯಾಲಯದ ವಾಯಿದೆಗೆ ಬರುವ ಹೆಂಗಸರ ಸಂಖ್ಯೆ ಏರಿದ್ದು ಅದರಿಂದಲೇ ಎಂದು ನನ್ನ ಅಂದಾಜು. ಆಧಾರ್ ಗಂಡನ ಮನೆಯಲ್ಲೇ ಉಳಿದಿದ್ದರೆ ಬಸ್ಸೂ ಇಲ್ಲ, ಏನೂ ಇಲ್ಲ. ಅದಕ್ಕೇ ಮಧ್ಯಂತರ ಅರ್ಜಿಯಲ್ಲೇ ಆಧಾರ್, ಬ್ಯಾಂಕ್ ಪುಸ್ತಕ, ಎಟಿಎಂ ಕಾರ್ಡು ವಾಪಸು ಕೊಡಿಸಿ ಎಂದು ಕೇಳುತ್ತೇವೆ. ಗೃಹಲಕ್ಷ್ಮಿಯ ಎರಡು ಸಾವಿರ ಅವಳ ಖಾತೆಗೆ ಬಿದ್ದರೂ ಕಾರ್ಡು ಅವನ ಜೇಬಿನಲ್ಲಿದ್ದರೆ ಏನು ಬಂತು?

ಹೀಗೆ ಕಳೆಯುತ್ತಾ ಹೋದಾಗ ಉಳಿದದ್ದು ನಾಲ್ಕು: ರಾತ್ರಿಯ ಆಟೊ, ಮೊದಲ ಮೂರು ರಾತ್ರಿಯ ಊಟ ಮತ್ತು ತಂಗುವಿಕೆ, ಫೋನು, ಅದನ್ನು ಎತ್ತುವವರ ಗೌರವಧನ. ಎಲ್ಲ ಸೇರಿ ಇಪ್ಪತ್ತೆರಡು ಸಾವಿರದ ಆಸುಪಾಸು. ಕೇಂದ್ರಕ್ಕೆ ಕಟ್ಟಡ ಬೇಕೇ ಬೇಕು ಎನ್ನುತ್ತಿದ್ದವರಿಗೆ ಈಗಲೂ ನನ್ನ ಮಾತು ಹಿಡಿಸುವುದಿಲ್ಲ. ಸಮಾಲೋಚನೆಗೆ ವಾರಕ್ಕೆ ಎರಡು ದಿನ ನ್ಯಾಯಾಲಯದ ಹತ್ತಿರ ಒಂದು ಮೇಜು, ಒಂದು ದಿನ ಆಸ್ಪತ್ರೆಯ ಹೆರಿಗೆ ವಾರ್ಡಿನ ಪಕ್ಕದ ಕೋಣೆ. ಅಲ್ಲಿಗೆ ಹೆಂಗಸು ಬಂದರೆ ಯಾಕೆ ಬಂದಳೆಂದು ಯಾರೂ ಕೇಳುವುದಿಲ್ಲ, ‘ಸಾಂತ್ವನ’ ಎಂಬ ಫಲಕದ ಕೆಳಗೆ ನಿಂತರೆ ಇಡೀ ಪೇಟೆ ಕೇಳುತ್ತಿತ್ತು.

ಆ ಇಪ್ಪತ್ತೆರಡು ಸಾವಿರವನ್ನು ಹಾಲಿನ ದುಡ್ಡಿನಿಂದ ಹೊಂದಿಸಿದೆವು. ಸ್ವಸಹಾಯ ಸಂಘದ ಹೆಂಗಸರು ತಿಂಗಳಿಗೆ ಒಂದು ಲೀಟರ್ ಹಾಲಿನ ದುಡ್ಡು ಕೊಡುವುದು, ಅಂದರೆ ಮೂವತ್ತೈದು ರೂಪಾಯಿ. ಮೊದಲು ಡೈರಿಯ ಬಾಗಿಲಲ್ಲೇ ಡಬ್ಬಿ ಹಿಡಿದು ನಿಂತೆವು. ದಂಡ. ಹಾಲಿನ ಬಿಲ್ಲು ಬ್ಯಾಂಕಿಗೆ ಹೋಗುತ್ತದೆ, ಬೆಳಿಗ್ಗೆ ಕ್ಯಾನ್ ಹಿಡಿದು ಬರುವವಳ ಕೈಯಲ್ಲಿ ಬಿಡಿಗಾಸೂ ಇರುವುದಿಲ್ಲ. ಒಂದು ಊರಿನ ಡೈರಿ ಕಾರ್ಯದರ್ಶಿ, ‘ಸಂಸಾರ ಒಡೆಯುವವರಿಗೆ ನಮ್ಮ ಹಾಲೇ ಬೇಕಾಗಿತ್ತೇ?’ ಎಂದು ಎಲ್ಲರೆದುರು ಕೇಳಿದ. ಸಂಘದ ಸಾಲದ ಕಂತು ಕಟ್ಟುವ ಸಭೆಗೆ ವಸೂಲಿ ಬದಲಾಯಿಸಿದ ಮೇಲೆ ಹಣ ಬರತೊಡಗಿತು. ಅಲ್ಲಿ ಗಂಡಸರಿಲ್ಲ, ಚಿಲ್ಲರೆ ಇದೆ, ಕೊಡದವಳ ಕಡೆ ಉಳಿದ ಹದಿನಾಲ್ಕು ಜನ ನೋಡುತ್ತಾರೆ. ಈಗ ಆರುನೂರು ಚಿಲ್ಲರೆ ಹೆಂಗಸರು ಕೊಡುತ್ತಾರೆ. ಮಳೆಗಾಲದಲ್ಲಿ ನಾನೂರೈವತ್ತಕ್ಕೆ ಇಳಿಯುತ್ತದೆ, ಅದಕ್ಕೆಂದು ಬೇಸಿಗೆಯಲ್ಲೇ ಒಂದಿಷ್ಟು ಎತ್ತಿಡುತ್ತೇವೆ.

ದೊಡ್ಡ ತಕರಾರು ಆಲೂರು ಕಡೆಯಿಂದ ಬಂತು. ‘ಹಾಲು ನಮ್ಮದು, ಕೇಸು ತೋಟದವರದು’ ಎಂದರು. ಹೆಸರು, ಊರು ಮುಚ್ಚಿ ಹೋಬಳಿವಾರು ಲೆಕ್ಕ ಮಾತ್ರ ಓದಿ ಹೇಳಿದೆ. ಹೆಚ್ಚುಕಡಿಮೆ ಅರ್ಧ ಕರೆ ಹಾಲಿನ ಊರುಗಳಿಂದಲೇ ಬಂದಿತ್ತು. ಸಭೆ ತಣ್ಣಗಾಯಿತು. ಅದೇ ವಾರ ಆ ಸಭೆಯಲ್ಲಿದ್ದ ಒಬ್ಬರು ಫೋನ್ ಮಾಡಿದರು.

ರಾತ್ರಿಯ ಆಟೊ ನಮ್ಮ ಕಡೆ ಬೇರೆಯೇ ಸಮಸ್ಯೆ. ಆನೆ ಇರುವ ದಾರಿಗೆ ಹತ್ತರ ಮೇಲೆ ಯಾವ ಚಾಲಕನೂ ಬರುವುದಿಲ್ಲ. ಆನೆಗಳು ಎಲ್ಲಿವೆ ಎಂದು ಅರಣ್ಯ ಸಿಬ್ಬಂದಿ ಕಳಿಸುವ ವಾಟ್ಸಾಪ್ ಸಂದೇಶಗಳ ಗುಂಪಿಗೆ ನಾನೂ ಸೇರಿಕೊಂಡೆ. ಈಗ ಆ ಸಂದೇಶ ನೋಡಿ ದಾರಿ ಹೇಳುತ್ತೇನೆ, ಚಾಲಕ ಬರುತ್ತಾನೆ. ಒಂದು ಸರದಿಗೆ ಏಳೆಂಟುನೂರು, ಆನೆ ಇದ್ದರೆ ಸಾವಿರ. ಬರಲೇ ಆಗದ ರಾತ್ರಿ 112ಕ್ಕೆ ಹೇಳಿ, ಫೋನಿನಲ್ಲೇ ಕರೆ ಮಾಡಿದವಳ ಜೊತೆ ಇರುತ್ತೇನೆ.

ತಂಗುವ ಮನೆಗಳ ಬಗ್ಗೆ ಇಷ್ಟೇ ಹೇಳಬಲ್ಲೆ: ಐದಾರು ಮನೆಗಳಿವೆ, ಯಾವುದೂ ಸಂಘದ ಪದಾಧಿಕಾರಿಗಳದ್ದಲ್ಲ. ಹೇಗೆ ಆರಿಸಿದೆ ಎಂಬುದನ್ನು ಬರೆಯುವುದಿಲ್ಲ, ಗಂಡಂದಿರಿಗೂ ಓದಲು ಬರುತ್ತದೆ. ಈ ಕಾಯ್ದೆಯಡಿ ನೇಮಕವಾದ ಸಂರಕ್ಷಣಾಧಿಕಾರಿಯವರಿಂದ ಗಂಡನಿಗೆ ನೋಟಿಸು ಬೇಗ ಜಾರಿಯಾಗುವಂತೆ ಮಾಡುವ ಉಪಾಯವೂ ಎದುರು ಕುಳಿತಾಗ ಹೇಳುವಂಥದ್ದು.

ತೋಟಕ್ಕೆ ಅಸ್ಸಾಮಿನಿಂದ ಬಂದ ಹೆಂಗಸರದ್ದು ಇನ್ನೊಂದು ಪ್ರಯೋಗ. ತಾತ್ಕಾಲಿಕ ವಾಸದ ಜಾಗದಲ್ಲೂ ಅರ್ಜಿ ಹಾಕಬಹುದೆಂದು ಅದೇ ಕಾಯ್ದೆಯ 27ನೇ ಕಲಂ ಹೇಳುತ್ತದೆ, ಹಾಗಾಗಿ ಸಕಲೇಶಪುರದಲ್ಲೇ ಹಾಕಿದೆವು. ಭಾಷೆಗೆ ಅವರದೇ ಲೈನಿನ, ಎಂಟನೇ ತರಗತಿ ಓದಿದ ಹುಡುಗಿಯೊಬ್ಬಳನ್ನು ತಯಾರು ಮಾಡುತ್ತಿದ್ದೇನೆ. ಕೊಯ್ಲು ಮುಗಿದು ಆ ಕುಟುಂಬಗಳು ಊರಿಗೆ ಹೊರಟರೆ ಪ್ರಕರಣ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕಿನ್ನೂ ದಾರಿ ಸಿಕ್ಕಿಲ್ಲ. ಮೂಡಿಗೆರೆ ಕಡೆ ಯಾರಾದರೂ ಮಾಡಿ ನೋಡಿದ್ದರೆ ಮುಂದಿನ ಕೊಯ್ಲಿಗೆ ಮೊದಲೇ ತಿಳಿಸಿ.