ಒಂದೇ ದಿನದಲ್ಲಿ ಮಸ್ಕತ್: ಗಡಿಯಾರ ನೋಡಿ ಹೊರಡಿ

ಮಗಳು ಅಳಿಯ ಒಮಾನ್‌ನಲ್ಲಿದ್ದಾರೆ ಅಂತ ಹೋದವರು ಮಸ್ಕತ್‌ನಲ್ಲಿ ಊರಿನ ನಡು ಎಲ್ಲಿ ಅಂತ ಹುಡುಕುತ್ತಾರೆ. ಸಿಗುವುದಿಲ್ಲ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹಜರ್ ಬೆಟ್ಟಸಾಲು. ನಡುವಿನ ಸಪೂರ ಜಾಗದಲ್ಲಿ ಸೀಬ್, ಕುರಮ್, ರೂವಿ, ಮತ್ರಾ ಅಂತ ಊರುಗಳು ಸಾಲಾಗಿ ಕೂತಿವೆ. ಇಲ್ಲಿ ನಕ್ಷೆಗಿಂತ ಗಡಿಯಾರ ಮುಖ್ಯ. ಯಾವುದು ಎಷ್ಟು ಹೊತ್ತಿಗೆ ಬಾಗಿಲು ಹಾಕುತ್ತದೆ ಅಂತ ಗೊತ್ತಿದ್ದರೆ ಒಂದು ದಿನ ಸಾಕು.

1. ತಿಂಗಳು, ವಾರ ಆರಿಸಿಕೊಳ್ಳಿ
ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯದು. ಜೂನ್‌ನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೋಳು ಬೆಟ್ಟಗಳು ಹಗಲೆಲ್ಲ ಕಾದು ರಾತ್ರಿ ಝಳ ಬಿಡುತ್ತವೆ. ಇಡೀ ವರ್ಷಕ್ಕೆ ಸುಮಾರು 100 ಮಿ.ಮೀ. ಮಳೆ; ನಮ್ಮ ಮಂಗಳೂರಲ್ಲಿ ಜುಲೈ ತಿಂಗಳ ಒಂದು ಜೋರು ದಿನದ ಲೆಕ್ಕ ಅದು. ಆದರೆ ಬಂದರೆ ‘ವಾದಿ’ ಎನ್ನುವ ಒಣ ಹಳ್ಳ ನೋಡುನೋಡುತ್ತಲೇ ತುಂಬುತ್ತದೆ. ಅಂಥಲ್ಲಿ ಕಾರು ಇಳಿಸಬೇಡಿ. ಶುಕ್ರವಾರ ಬೇಡವೇ ಬೇಡ. ನಾನು ಆ ತಪ್ಪು ಮಾಡಿ ಮಸೀದಿಯ ಗೇಟು ನೋಡಿಕೊಂಡು ವಾಪಸ್ ಬಂದಿದ್ದೇನೆ.

2. ಬೆಳಿಗ್ಗೆ ಎಂಟಕ್ಕೇ ದೊಡ್ಡ ಮಸೀದಿ
2001ರಲ್ಲಿ ತೆರೆದ ಸುಲ್ತಾನ್ ಕಾಬೂಸ್ ಮಸೀದಿಗೆ ಬೇರೆ ಧರ್ಮದವರನ್ನು ಬಿಡುವುದು ಬೆಳಿಗ್ಗೆ 8ರಿಂದ 11ರ ತನಕ. ಹೋಗುವ ಮುಂಚೆ ಸಮಯ ಒಮ್ಮೆ ಖಚಿತ ಮಾಡಿಕೊಳ್ಳಿ. ತುಂಬು ತೋಳಿನ ಬಟ್ಟೆ ಇರಲಿ, ಹೆಂಗಸರು ತಲೆ ಮುಚ್ಚಿಕೊಳ್ಳಬೇಕು. ಕಟ್ಟಡದ ಕಲ್ಲು ಭಾರತದಿಂದ ಹೋದದ್ದು. ಎಲ್ಲರೂ ತೂಗುದೀಪದ ಫೋಟೊ ತೆಗೆಯುತ್ತಾರೆ. ನೀವು ಬಗ್ಗಿ ನೆಲ ನೋಡಿ. ಇರಾನಿನ ಹೆಂಗಸರು ಕೈಯಲ್ಲೇ ನೇಯ್ದ ಒಂದೇ ಜಮಖಾನ, ತೂಕ 21 ಟನ್!

3. ಬಿಸಿಲೇರುವ ಮುನ್ನ ಹಳೇ ಮಸ್ಕತ್
ಅಲ್ಲಿಂದ ಟ್ಯಾಕ್ಸಿ ಹಿಡಿಯಿರಿ, ದರ ಮೊದಲೇ ಮಾತಾಡಿ. ಹಳೇ ಊರು ಕಲ್ಲುಬೆಟ್ಟದ ಬಟ್ಟಲಲ್ಲಿ ಕೂತ ಪುಟ್ಟ ಬಂದರು. ನೀಲಿ–ಚಿನ್ನದ ಬಣ್ಣದ ಅಲ್ ಆಲಂ ಅರಮನೆಯನ್ನು ಹೊರಗಿನಿಂದ ನೋಡಬೇಕು, ಅಷ್ಟೇ. ಅದರ ಆಚೀಚೆ ಬಂಡೆಗಳ ಮೇಲೆ ಜಲಾಲಿ, ಮಿರಾನಿ ಕೋಟೆಗಳಿವೆ. ಪೋರ್ಚುಗೀಸರ ಅಲ್ಬುಕರ್ಕ್ 1507ರಲ್ಲಿ ಈ ಊರನ್ನು ಸುಟ್ಟು ಹಿಡಿದ. ಮೂರು ವರ್ಷದ ಮೇಲೆ ಗೋವಾಕ್ಕೆ ಬಂದವನೂ ಇವನೇ. 1650ರಲ್ಲಿ ಒಮಾನಿಗಳು ಅವನ ಮಂದಿಯನ್ನು ಓಡಿಸಿದರು. ಮುಂದೆ ಟಿಪ್ಪು ಸುಲ್ತಾನ ಇಲ್ಲೊಂದು ವ್ಯಾಪಾರದ ಕೋಠಿ ಇಟ್ಟ. ನಮ್ಮ ಕರಾವಳಿಯ ಅಕ್ಕಿ, ಕಾಳುಮೆಣಸು, ಶ್ರೀಗಂಧ ಇಲ್ಲಿ ಇಳಿಯುತ್ತಿತ್ತು.

ಊರಬಾಗಿಲು ನೋಡಿದಾಗ ಒಂದು ವಿಷಯ ನೆನಪಿಡಿ. 1970ರವರೆಗೂ ಸೂರ್ಯ ಮುಳುಗಿ ಮೂರು ತಾಸಿಗೆ ಊರಬಾಗಿಲು ಹಾಕುತ್ತಿದ್ದರು. ಆಮೇಲೆ ಒಳಗೆ ಓಡಾಡಬೇಕಾದರೂ ಕೈಯಲ್ಲಿ ಲಾಟೀನು ಇರಲೇಬೇಕು. ಆ ವರ್ಷ ಜುಲೈನಲ್ಲಿ ಕಾಬೂಸ್ ಪಟ್ಟಕ್ಕೆ ಬಂದ ಮೇಲೆಯೇ ಊರು ಬೆಟ್ಟ ದಾಟಿ ಹೊರಗೆ ಬೆಳೆದದ್ದು.

4. ಮಧ್ಯಾಹ್ನ ತಣ್ಣಗೆ ಒಳಗಿರಿ
ಅಂಗಡಿಗಳೆಲ್ಲ ಮುಚ್ಚುವ ಹೊತ್ತು. ಅರಮನೆ ಎದುರಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ನುಗ್ಗಿ, ಹಡಗುಗಳ ಕೋಣೆ ಬಿಡಬೇಡಿ.

5. ಸಂಜೆ ಐದಕ್ಕೆ ಮತ್ರಾ
ಕಡಲಂಚಿನ ರಸ್ತೆಯಿಂದ ಸಂತೆಗೆ ಇಳಿಯಿರಿ. ಮೊದಲು ವಾಸನೆ, ಆಮೇಲೆ ಅಂಗಡಿ. ಮಣ್ಣಿನ ಧೂಪದಾನಿಯ ಕೆಂಡಕ್ಕೆ ಅಂಗಡಿಯವ ಜೋಳದ ಕಾಳಿನಷ್ಟು ಅಂಟು ಹಾಕುತ್ತಾನೆ. ಅದು ಚಿಟಿಚಿಟಿ ಅಂದು ಗುಳ್ಳೆ ಎದ್ದು, ಬಿಳಿ ಹೊಗೆ ಬಿಡುತ್ತದೆ. ಅರಬಿಯಲ್ಲಿ ಇದು ಲುಬಾನ್. ನಮ್ಮ ‘ಲೋಬಾನ’ ಎಂಬ ಮಾತು ಬಂದದ್ದು ಇಲ್ಲಿಂದಲೇ. ದಕ್ಷಿಣದ ಧೋಫಾರ್‌ನಲ್ಲಿ ಮರದ ತೊಗಟೆ ಗೀರಿ ಇದನ್ನು ತೆಗೆಯುತ್ತಾರೆ. ತಿಳಿಹಸಿರು ಛಾಯೆಯ, ಬೆಳಕು ಹಾಯುವಂಥ ಹರಳು ಆರಿಸಿ; ಕಂದು ಬಣ್ಣದ್ದು ಅಗ್ಗ, ಹೊಗೆ ಖಾರ.

ಚೌಕಾಸಿ ಮಾಡಿ, ಹಿಂದಿ ನಡೆಯುತ್ತದೆ. ಒಂದು ರಿಯಾಲ್‌ಗೆ 1000 ಬೈಸಾ. ಬೈಸಾ ಅಂದರೆ ನಮ್ಮ ಪೈಸೆಯೇ. 1970ರ ತನಕ ಇಲ್ಲಿ ರೂಪಾಯಿಯೂ ಓಡುತ್ತಿತ್ತು. ಈಗ ಒಂದು ರಿಯಾಲ್ ನಮ್ಮ 200 ರೂಪಾಯಿಗಿಂತ ಜಾಸ್ತಿ, ಹಾಗಾಗಿ ‘ಬರೀ ಐದು’ ಅಂದಾಗ ಮನಸ್ಸಲ್ಲೇ ಗುಣಿಸಿ. ಬಾಗಿದ ಚೂರಿ ಖಂಜರ್ ಕೊಂಡರೆ ಅದು ಲಗೇಜಿಗೆ ಹೋಗಬೇಕು, ಕೈಚೀಲಕ್ಕಲ್ಲ. ಲೋಬಾನವನ್ನು ಮಾತ್ರ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಇಲ್ಲದಿದ್ದರೆ ಪಕ್ಕದಲ್ಲಿಟ್ಟ ಖರ್ಜೂರಕ್ಕೂ ಅದೇ ವಾಸನೆ.