ಆ್ಯಪ್ ಸತ್ತ ಪ್ಲೇಯರ್ ಕೊಂಡು ಗೆದ್ದದ್ದು

ಡಿವಿಡಿಗಿಂತ ಸ್ಪಷ್ಟ ಚಿತ್ರದ ಬ್ಲೂ-ರೇ ಡಿಸ್ಕ್ ಓದುವ ಹಳೆಯ ಪ್ಲೇಯರ್ ಒಂದನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಯೊಳಗೆ ಕಾಲಿಟ್ಟ ದಿನ ಭಾವಮೈದುನ ಕೇಳಿದ ಮೊದಲ ಪ್ರಶ್ನೆ, "ಭಾವ, ಇದರಲ್ಲಿ ಆ್ಯಪ್‌ಗಳು ಓಡುತ್ತವೆಯೇ?"

"ಒಂದೂ ಓಡುವುದಿಲ್ಲ."

"ಮತ್ತೇಕೆ ತಂದಿರಿ?"

"ಓಡುವುದಿಲ್ಲ ಎಂದೇ ತಂದೆ."

ನನಗೆ ತಲೆ ಕೆಟ್ಟಿದೆ ಎಂದು ಅವನು ಅಕ್ಕನಿಗೆ ಪಿಸುಗುಟ್ಟಿದ್ದು ಅಡುಗೆಮನೆಯವರೆಗೂ ಕೇಳಿಸಿತು. ಅವನನ್ನು ದೂರುವಂತಿಲ್ಲ. ಅದಕ್ಕೆ ಮೊದಲು ಮೂರು ಸಲ ಕೈ ಸುಟ್ಟುಕೊಂಡಿದ್ದೆ, ಮೂರನ್ನೂ ಅವನು ಕಣ್ಣಾರೆ ನೋಡಿದ್ದ. ಈ ನಾಲ್ಕನೆಯದು ಒಂದೂವರೆ ವರ್ಷದಿಂದ ತಕರಾರಿಲ್ಲದೆ ನಡೆಯುತ್ತಿದೆ. ಹಾಗಾಗಿ ಬರೆಯುವ ಧೈರ್ಯ ಮಾಡಿದ್ದೇನೆ.

ಮೊದಲನೆಯದು ಹೊಸ ಯಂತ್ರ, ಟಿವಿಯ ಬೆಲೆಯಲ್ಲಿ ಹತ್ತಿರಹತ್ತಿರ ಕಾಲು ಭಾಗ ಕೊಟ್ಟು ತಂದದ್ದು. ಪೆಟ್ಟಿಗೆಯ ಮೇಲೆ ಏಳೆಂಟು ಸ್ಟ್ರೀಮಿಂಗ್ ಸೇವೆಗಳ ಬಣ್ಣಬಣ್ಣದ ಗುರುತುಗಳು. ಡಿಸ್ಕೂ ಆಯಿತು, ಸ್ಟ್ರೀಮಿಂಗೂ ಆಯಿತು, ಒಂದೇ ರಿಮೋಟ್ ಸಾಕು ಎಂದು ಬೀಗಿದೆ. ಎರಡು ವರ್ಷ ಚೆನ್ನಾಗಿಯೇ ಇತ್ತು. ಆಮೇಲೆ ಒಂದು ಸೇವೆ ಮೆನುವಿನಿಂದಲೇ ಮಾಯವಾಯಿತು. ಇನ್ನೊಂದು ತೆರೆದುಕೊಂಡು, ಈ ಸಾಧನಕ್ಕೆ ಇನ್ನು ಬೆಂಬಲ ಇಲ್ಲ ಎಂದು ಹೇಳಿ ಮುಚ್ಚಿಕೊಂಡಿತು. ಮೂರನೆಯದು ಇದ್ದಕ್ಕಿದ್ದಂತೆ ನೆಟ್‌ವರ್ಕ್ ದೋಷ ಎನ್ನತೊಡಗಿತು. ರೌಟರ್ ಬದಲಿಸಿದೆ, ಕೇಬಲ್ ಬದಲಿಸಿದೆ, ಒಂದು ವಾರ ಹಾಳಾಯಿತು. ಕೊನೆಗೆ ನೋಡಿದರೆ ವಿದ್ಯುತ್ ಹೋಗಿ ಬಂದಾಗ ಯಂತ್ರದ ಗಡಿಯಾರ ಹತ್ತು ವರ್ಷ ಹಿಂದಕ್ಕೆ ಹೋಗಿ ಕುಳಿತಿತ್ತು. ದಿನಾಂಕ ತಪ್ಪಿದರೆ ಭದ್ರತಾ ಪ್ರಮಾಣಪತ್ರ ಒಪ್ಪಿಗೆಯಾಗುವುದಿಲ್ಲ, ಆ್ಯಪ್ ಒಳಗೆ ಬಿಡುವುದಿಲ್ಲ. ದಿನಾಂಕ ತಿದ್ದಿದ ಮೇಲೆ ಆ ಒಂದು ಸೇವೆ ಇನ್ನು ಆರೇಳು ತಿಂಗಳು ಉಸಿರಾಡಿತು. ನಿಮ್ಮ ಮನೆಯಲ್ಲಿ ಸತ್ತಂತೆ ಬಿದ್ದಿರುವ ಪ್ಲೇಯರ್ ಇದ್ದರೆ ಮೊದಲು ಗಡಿಯಾರ ನೋಡಿ.

ಎರಡನೆಯದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ವೈಫೈ ರೆಡಿ' ಎಂದಿತ್ತು. ಒಳಗೆ ವೈಫೈ ಇದೆ ಎಂದು ನಾನು ಓದಿಕೊಂಡೆ. ವೈಫೈ ಹಾಕಿಸಿಕೊಳ್ಳಲು ಯಂತ್ರ ಸಿದ್ಧವಿದೆ ಎಂಬುದು ಅದರ ಅರ್ಥವಂತೆ. ಹಿಂಬದಿಯ ಯುಎಸ್‌ಬಿ ಕಿಂಡಿಗೆ ಡಾಂಗಲ್ ಚುಚ್ಚಬೇಕು, ಅದೂ ಆ ಕಂಪನಿಯದೇ ಆಗಬೇಕು. ಆ ಡಾಂಗಲ್ ಆಗಲೇ ಮಾರುಕಟ್ಟೆಯಲ್ಲಿ ಇರಲಿಲ್ಲ. ಸಿಕ್ಕವರು ಕೇಳಿದ್ದು ಪ್ಲೇಯರಿನ ಬೆಲೆಯ ಅರ್ಧ. ಹಗ್ಗಕ್ಕೆ ಹಸುವಿನ ಬೆಲೆ.

ಮೂರನೆಯದು ಸೆಕೆಂಡ್ ಹ್ಯಾಂಡ್, ಬೇರೆ ದೇಶದಿಂದ ಬಂದದ್ದು, ನೋಡಲು ಬಹಳ ಸುಂದರ. ಯಾವ ದೇಶಗಳ ಡಿಸ್ಕ್ ಓಡಬೇಕೆಂದು ನಿರ್ಧರಿಸುವ ಡಿವಿಡಿಯ ವಲಯ ಸಂಖ್ಯೆಯನ್ನು ರಿಮೋಟಿನಿಂದಲೇ ಬದಲಿಸಿಕೊಂಡೆ; ಯಾವ ಗುಂಡಿಗಳ ಸರದಿ ಎಂಬುದನ್ನು ಇಲ್ಲಿ ಹೇಳುವುದಿಲ್ಲ, ಹುಡುಕಿದವರಿಗೆ ಸಿಗುತ್ತದೆ. ಆ ಗೆಲುವಿನ ಅಮಲಿನಲ್ಲಿ ಬ್ಲೂ-ರೇಗೆ ಎ, ಬಿ, ಸಿ ಎಂಬ ಬೇರೆಯೇ ವಲಯಗಳಿವೆ ಎಂಬುದನ್ನು ಮರೆತೆ. ನನ್ನ ಕಪಾಟಿನ ಬ್ಲೂ-ರೇಗಳಲ್ಲಿ ಮುಕ್ಕಾಲು ಪಾಲನ್ನು ಆ ಸುಂದರಿ ಮುಟ್ಟಲಿಲ್ಲ. ಕೊಂಡ ಬೆಲೆಯ ಮೂರನೇ ಒಂದು ಭಾಗಕ್ಕೆ ಮಾರಿ ಕೈ ತೊಳೆದುಕೊಂಡೆ. ಮೂರರಲ್ಲಿ ಕಳೆದದ್ದನ್ನೆಲ್ಲ ಕೂಡಿಸಿದರೆ ಇನ್ನೊಂದು ಟಿವಿಯ ಅರ್ಧವಾದರೂ ಆಗುತ್ತಿತ್ತು.

ಆಗ ಹೊಳೆದದ್ದು ಇಷ್ಟೇ. 1996ರಲ್ಲಿ ಬಂದ ಮೊದಲ ಡಿವಿಡಿಗಳನ್ನು ಇಂದಿನ ಯಂತ್ರವೂ ಓದುತ್ತದೆ. ಮೂರು ವರ್ಷದ ಹಿಂದಿನ ಆ್ಯಪ್ ಇಂದು ಓಡುತ್ತದೆ ಎಂಬ ಖಾತರಿ ಇಲ್ಲ. ಪ್ಲೇಯರಿನೊಳಗೆ ಸ್ಟ್ರೀಮಿಂಗ್ ಕೂರಿಸುವ ಆಟ 2008ರಲ್ಲಿ ಎಲ್‌ಜಿಯ ಬಿಡಿ300 ನೆಟ್‌ಫ್ಲಿಕ್ಸ್ ತೋರಿಸಿದಾಗಿನಿಂದ ನಡೆದಿದೆ. ಅಂದಿನಿಂದ ಇಂದಿನವರೆಗೂ ಆ್ಯಪಿನ ಜುಟ್ಟು ಬೇರೆಯವರ ಕೈಯಲ್ಲಿ, ಡಿಸ್ಕ್ ಓದುವ ಲೇಸರಿನ ಜುಟ್ಟು ನಮ್ಮ ಕೈಯಲ್ಲಿ. ಹಾಗಿದ್ದ ಮೇಲೆ ಎರಡಕ್ಕೂ ಒಟ್ಟಿಗೆ ಏಕೆ ಹಣ ಸುರಿಯಬೇಕು? ಆ್ಯಪ್ ಸತ್ತಿದೆ ಎಂಬ ಒಂದೇ ಕಾರಣಕ್ಕೆ ಒಳ್ಳೆಯ ಡಿಸ್ಕ್ ಪ್ಲೇಯರುಗಳನ್ನು ಜನ ಗುಜರಿಯ ದರಕ್ಕೆ ಕೊಡುತ್ತಾರೆ. ಅಂಥದ್ದನ್ನು ತಂದು, ಸ್ಟ್ರೀಮಿಂಗಿಗೆ ಟಿವಿಗೆ ಚುಚ್ಚುವ ಬೇರೆಯೇ ಒಂದು ಪುಟ್ಟ ಸ್ಟಿಕ್ ಹಾಕಿದರಾಯಿತು. ಸ್ಟಿಕ್ ಮುದಿಯಾದರೆ ಅದೊಂದನ್ನು ಎಸೆಯಬಹುದು.

ಮನೆಯವರೆಲ್ಲ ಮೂಗು ಮುರಿದರು. ಎರಡು ಪೆಟ್ಟಿಗೆ, ಮೂರು ರಿಮೋಟ್, ಅಮ್ಮನಿಗೆ ಹೇಗೆ ತಿಳಿಯಬೇಕು ಎಂದರು. ಆ ಕೊನೆಯ ಆಕ್ಷೇಪದಲ್ಲಿ ಹುರುಳಿತ್ತು; ಅದಕ್ಕೆ ಆಮೇಲೆ ಬರುತ್ತೇನೆ.

ಹಳೆಯ ಯಂತ್ರ ನೋಡಲು ಹೋಗುವಾಗ ನಾನು ಒಂದು ಚೀಲ ಒಯ್ಯುತ್ತೇನೆ. ಅದರಲ್ಲಿ ಒಂದು ಆಡಿಯೊ ಸಿಡಿ, ಎರಡು ಪದರದ ಒಂದು ಡಿವಿಡಿ, ಒಂದು ಬ್ಲೂ-ರೇ, ಮತ್ತು ಅಕ್ಕನ ಮಗಳ ಶಾಲೆಯ ನಾಟಕವನ್ನು ಯಾವ ಕಾಲದಲ್ಲೋ ಮನೆಯ ಕಂಪ್ಯೂಟರಿನಲ್ಲಿ ಬರೆದ ಡಿವಿಡಿ-ಆರ್. ಸಿಡಿಗೆ 780, ಡಿವಿಡಿಗೆ 650, ಬ್ಲೂ-ರೇಗೆ 405 ನ್ಯಾನೋಮೀಟರಿನ ಬೆಳಕು ಬೇಕು. ಒಂದು ಓದಿದ ಯಂತ್ರ ಇನ್ನೊಂದನ್ನು ಓದದೆ ಇರಬಹುದು, ಆದ್ದರಿಂದ ಮೂರನ್ನೂ ಹಾಕಿಯೇ ನೋಡಬೇಕು. ಮನೆಯಲ್ಲಿ ಬರೆದ ಡಿಸ್ಕಿನ ಹೊಳಪು ಅಚ್ಚು ಹಾಕಿದ ಡಿಸ್ಕಿಗಿಂತ ಕಡಿಮೆ. ಲೇಸರ್ ಸೋಲತೊಡಗಿದರೆ ಮೊದಲು ಕೈಕೊಡುವುದು ಆ ನಾಟಕದ ಡಿಸ್ಕೇ. ನಾಟಕದಲ್ಲಿ ರಾಜ ಸಿಂಹಾಸನದಿಂದ ಜಾರುವ ದೃಶ್ಯ ಡಿಸ್ಕಿನ ಅಂಚಿನ ಹತ್ತಿರ ಬರುತ್ತದೆ. ಅಲ್ಲಿ ಚಿತ್ರ ಚೌಕಚೌಕವಾಗಿ ಒಡೆದರೆ ನಾನು ಸದ್ದಿಲ್ಲದೆ ಚೀಲ ಎತ್ತಿಕೊಳ್ಳುತ್ತೇನೆ. ಹೀಗೆ ನಾಲ್ಕೋ ಐದೋ ಯಂತ್ರಗಳನ್ನು ಬಿಟ್ಟು ಬಂದೆ. ಎರಡು ಪದರದ ಡಿವಿಡಿಯಲ್ಲಿ ಪದರ ಬದಲಾಗುವ ಜಾಗ ಗೊತ್ತಿರಬೇಕು. ಅಲ್ಲಿ ಕಣ್ಣು ಮಿಟುಕಿಸುವಷ್ಟು ತಡೆದರೆ ಸರಿ, ಎರಡು ಮೂರು ಸೆಕೆಂಡು ನಿಂತರೆ ಬೇಡ.

ಆ್ಯಪ್ ಸತ್ತರೆ ಚಿಂತೆ ಇಲ್ಲ ಎಂದೆನಲ್ಲ, ಫರ್ಮ್‌ವೇರ್, ಅಂದರೆ ಯಂತ್ರವನ್ನು ನಡೆಸುವ ಒಳಗಿನ ತಂತ್ರಾಂಶ, ಸತ್ತಿದ್ದರೆ ಚಿಂತೆ ಇದೆ. ಹೊಸ ಬ್ಲೂ-ರೇಗಳ ನಕಲು-ತಡೆಗೆ ಹೊಸ ಕೀಲಿಗಳು ಬೇಕಾಗುತ್ತವೆ; ತೀರ ಹಿಂದೆ ಉಳಿದ ಯಂತ್ರ ಹೊಸ ಡಿಸ್ಕನ್ನು ತಿರುಗಿಸಿ ತಿರುಗಿಸಿ ಉಗುಳುತ್ತದೆ. ಕೊನೆಯ ಫರ್ಮ್‌ವೇರ್ ಕಡತವನ್ನು ತಯಾರಕರ ತಾಣದಿಂದ ಮೊದಲೇ ಪೆನ್‌ಡ್ರೈವಿಗೆ ಇಳಿಸಿಕೊಂಡು ಹೋಗುತ್ತೇನೆ. ಪೆನ್‌ಡ್ರೈವ್ ಎಫ್‌ಎಟಿ32 ಎಂಬ ಕಡತ ಜೋಡಣೆಯ ಮಾದರಿಯಲ್ಲಿ ಇರಲಿ, ಬಹಳಷ್ಟು ಹಳೆಯ ಯಂತ್ರಗಳಿಗೆ ಬೇರೆ ಯಾವುದೂ ಅರ್ಥವಾಗುವುದಿಲ್ಲ. 4 ಜಿಬಿಗಿಂತ ದೊಡ್ಡ ಕಡತ ಅದರಲ್ಲಿ ಹಿಡಿಸುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ.

ಕೊನೆಗೆ ಸಿಕ್ಕದ್ದು ಉದ್ದನೆಯ, ಭಾರದ, ಲೋಹದ ಮೈಯ ಹಳೆಯ ಯಂತ್ರ. ಹಿಂದೆ ಲ್ಯಾನ್ ಕಿಂಡಿ, ಆಪ್ಟಿಕಲ್ ಕಿಂಡಿ, ಎಚ್‌ಡಿಎಂಐ ಇವೆ. ಹೊಸದಾಗಿದ್ದಾಗಿನ ಬೆಲೆಯಲ್ಲಿ ಎಂಟನೇ ಒಂದು ಭಾಗಕ್ಕೆ ಬಂತು. ಟ್ರೇ ಮೂರು ಸಲಕ್ಕೆ ಒಮ್ಮೆ ತೆರೆಯುತ್ತಿರಲಿಲ್ಲವಾದ್ದರಿಂದ ಮಾಲೀಕರು ಇನ್ನೂ ಇಳಿಸಿದರು. ಟ್ರೇ ತೆರೆಯದಿದ್ದರೆ ಬಹಳಷ್ಟು ಸಲ ಸಡಿಲಾದ ರಬ್ಬರ್ ಬೆಲ್ಟ್ ಕಾರಣ. ನನ್ನ ಖರ್ಚಿನ ಲೆಕ್ಕದಲ್ಲಿ ಬರೆದಿಡಲೂ ಆಗದಷ್ಟು ಚಿಲ್ಲರೆಗೆ ಬೆಲ್ಟ್ ಸಿಕ್ಕಿತು, ಅರ್ಧ ಗಂಟೆಯ ಕೆಲಸ. ಬೆಲ್ಟ್ ಸಿಗುವವರೆಗೂ ಹಳೆಯದನ್ನೇ ಒಂದೆರಡು ತಿಂಗಳು ಓಡಿಸುವ ಉಪಾಯವೊಂದಿದೆ. ಅದನ್ನು ಬರೆದರೆ ಹಳೆಯ ಯಂತ್ರ ಮಾರುವವರೂ ಕಲಿತುಬಿಡುತ್ತಾರೆ, ಬೇಡ.

ಸ್ಟಿಕ್‌ನ ಬೆಲೆ ಪ್ಲೇಯರಿಗಿಂತ ತುಸು ಹೆಚ್ಚೇ ಆಯಿತು. ಇಲ್ಲಿಯೂ ಒಂದು ಪೆಟ್ಟು ತಿಂದೆ. ಗೋಡೆಯ ಪ್ಲಗ್ ಉಳಿಸಲು ಹೋಗಿ ಅದಕ್ಕೆ ಪ್ಲೇಯರಿನ ಯುಎಸ್‌ಬಿ ಕಿಂಡಿಯಿಂದಲೇ ವಿದ್ಯುತ್ ಕೊಟ್ಟೆ. ಹಳೆಯ ಯುಎಸ್‌ಬಿ ಕೊಡುವುದು ಅರ್ಧ ಆಂಪಿಯರ್, ಸ್ಟಿಕ್ ಕೇಳುವುದು ಅದರ ಸುಮಾರು ಎರಡರಷ್ಟು. ಸಿನಿಮಾದ ಕೊಲೆಗಾರ ಯಾರೆಂದು ತಿಳಿಯುವ ಹೊತ್ತಿಗೆ ಸರಿಯಾಗಿ ಅದು ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಜೊತೆಗೆ ಬಂದ ಅಡಾಪ್ಟರನ್ನೇ ಹಾಕಿದ ಮೇಲೆ ಕಾಟ ತಪ್ಪಿತು.

ಈಗ ಅಮ್ಮನ ರಿಮೋಟ್. ಎಚ್‌ಡಿಎಂಐ ಕೇಬಲಿನ ಮೂಲಕವೇ ಒಂದು ಸಾಧನ ಇನ್ನೊಂದನ್ನು ನಿಯಂತ್ರಿಸುವ ಎಚ್‌ಡಿಎಂಐ-ಸಿಇಸಿ ಎಂಬುದನ್ನು ಒಬ್ಬೊಬ್ಬ ತಯಾರಕರು ಒಂದೊಂದು ಹೆಸರಿನಿಂದ ಕರೆಯುತ್ತಾರೆ. ಮೂರು ಸಾಧನಗಳಲ್ಲಿ ಮೂರು ಹೆಸರು ಹುಡುಕಿ ಆನ್ ಮಾಡಿದೆ. ಮೊದಲ ವಾರ ರಣರಂಗ. ಟಿವಿ ಹಚ್ಚಿದರೆ ಸ್ಟಿಕ್ ಏಳುತ್ತಿತ್ತು, ಸ್ಟಿಕ್ ಎದ್ದರೆ ಪ್ಲೇಯರ್ ಎದ್ದು ತನ್ನ ಚಿತ್ರ ತೋರಿಸಿ ಟಿವಿಯನ್ನು ಕಸಿದುಕೊಳ್ಳುತ್ತಿತ್ತು. ಒಂದು ರಾತ್ರಿ ಎರಡು ಗಂಟೆಗೆ ಟಿವಿ ತಾನಾಗಿ ಹೊತ್ತಿಕೊಂಡು ಮನೆಮಂದಿಯನ್ನೆಲ್ಲ ಎಬ್ಬಿಸಿತು. ಪ್ಲೇಯರಿನ 'ತ್ವರಿತ ಆರಂಭ' ಆಯ್ಕೆಯನ್ನು ಆಫ್ ಮಾಡಿದ ಮೇಲೆ ದೆವ್ವ ಬಿಟ್ಟಿತು. ಅದರಿಂದ ಡಿಸ್ಕ್ ಶುರುವಾಗಲು ಹತ್ತು ಹದಿನೈದು ಸೆಕೆಂಡು ಹೆಚ್ಚು ಕಾಯಬೇಕು, ಕಾಯುತ್ತೇವೆ. ಸುಮ್ಮನೆ ನಿಂತಾಗ ಎಳೆಯುವ ವಿದ್ಯುತ್ತೂ ಇಳಿಯಿತು: ಮೊದಲು ಎಂಟು ಒಂಬತ್ತು ವಾಟ್ ಇತ್ತು, ಈಗ ಒಂದಕ್ಕಿಂತ ಕಡಿಮೆ ಎಂದು ನೆನಪು. ಈಗ ಅಮ್ಮ ಡಿಸ್ಕ್ ತಳ್ಳಿದರೆ ಟಿವಿ ತಾನಾಗಿ ಅತ್ತ ತಿರುಗುತ್ತದೆ. ಟಿವಿಯ ರಿಮೋಟಿನಲ್ಲೇ ಸ್ಟಿಕ್ ಆಯ್ದುಕೊಂಡರೆ ಇತ್ತ ತಿರುಗುತ್ತದೆ. ಟಿವಿಯ ರಿಮೋಟಿನ ಬಾಣದ ಗುಂಡಿಗಳು ಎರಡಕ್ಕೂ ನಡೆಯುತ್ತವೆ. ಉಳಿದ ಎರಡು ರಿಮೋಟುಗಳನ್ನು ಬ್ಯಾಟರಿ ತೆಗೆದು ಡ್ರಾಯರಿಗೆ ಹಾಕಿದ್ದೇನೆ.

ಪ್ಲೇಯರಿನ ಲ್ಯಾನ್ ಕಿಂಡಿಯನ್ನು ನಾನು ವ್ಯರ್ಥ ಬಿಡಲಿಲ್ಲ. ಆ್ಯಪ್ ಸತ್ತರೂ, ಮನೆಯ ಜಾಲದೊಳಗೇ ಒಂದು ಸಾಧನದ ವಿಡಿಯೊವನ್ನು ಇನ್ನೊಂದರಲ್ಲಿ ಓಡಿಸುವ ಡಿಎಲ್‌ಎನ್‌ಎ ಬದುಕಿತ್ತು. ಅದು ಹೊರಗಿನ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಮೂಲೆಯಲ್ಲಿದ್ದ ಹಳೆಯ ಲ್ಯಾಪ್‌ಟಾಪನ್ನು ಸರ್ವರ್ ಮಾಡಿ ಮನೆಯ ಹಳೆಯ ವಿಡಿಯೊಗಳನ್ನೆಲ್ಲ ಅದರಲ್ಲಿ ಹಾಕಿದೆ. ಪ್ಲೇಯರ್ ಅವನ್ನು ಹಾಲು ಕುಡಿದಂತೆ ಓಡಿಸುತ್ತದೆ. ನಡುವೆ ಒಂದು ಹುಚ್ಚಾಟವೂ ನಡೆಯಿತು. ಮೊದಲಿಗೆ ಪ್ಲೇಯರನ್ನು ರೌಟರಿಗೆ ಜೋಡಿಸಿದ್ದು ಹಳೆಯ ವೈಫೈ ಪೆಟ್ಟಿಗೆಯೊಂದರ ಮೂಲಕ. ಅದರ ಸಂಕೇತ ಹೆಚ್ಚಿಸಲು ಅಡುಗೆಯ ಅಲ್ಯೂಮಿನಿಯಂ ಹಾಳೆಯನ್ನು ಬಾಗಿಸಿ ರೌಟರಿನ ಹಿಂದೆ ನಿಲ್ಲಿಸಿದೆ. ಪ್ಲೇಯರಿನ ಕಡೆಗೆ ತುಸು ಹೆಚ್ಚಿದ್ದು ನಿಜ, ಆದರೆ ಮಲಗುವ ಕೋಣೆಯಲ್ಲಿ ವೈಫೈ ಸತ್ತೇ ಹೋಯಿತು. ಮನೆಯೊಡತಿಯ ಫೋನ್ ನಿಂತ ಐದನೇ ನಿಮಿಷಕ್ಕೆ ಹಾಳೆ ಅಡುಗೆಮನೆಗೆ ವಾಪಸಾಯಿತು. ಹದಿನೈದು ಮೀಟರ್ ಲ್ಯಾನ್ ಕೇಬಲ್ ಎಳೆದು ಕೈ ಮುಗಿದೆ.

ಒಂದು ಭಾನುವಾರ ಒಂದೇ ಚಿತ್ರವನ್ನು ಡಿಸ್ಕಿನಲ್ಲೂ ಸ್ಟಿಕ್‌ನಲ್ಲೂ ಹಾಕಿ, ಒಂದೇ ದೃಶ್ಯಕ್ಕೆ ನಿಲ್ಲಿಸಿ ನೋಡಿದೆವು. ಸ್ಟ್ರೀಮಿಂಗ್ 1080ಪಿ, ಅಂದರೆ ಫುಲ್ ಎಚ್‌ಡಿ, ಎಂದು ಹೇಳಿಕೊಂಡರೂ ನನ್ನ ರೌಟರ್ ತೋರಿಸಿದ್ದು ಸುಮಾರು 5 ಎಂಬಿಪಿಎಸ್, ಅಂದರೆ ಸೆಕೆಂಡಿಗೆ ಐದು ಮೆಗಾಬಿಟ್ ಮಾಹಿತಿ. ಬ್ಲೂ-ರೇ ಅದೇ ದೃಶ್ಯಕ್ಕೆ 25ರಿಂದ 30 ತೋರಿಸುತ್ತಿತ್ತು. ಬ್ಲೂ-ರೇಯ ಚಿತ್ರಕ್ಕೆ 40ರವರೆಗೂ ಹೋಗುವ ಅವಕಾಶ ಇದೆ. ಹಗಲಿನ ದೃಶ್ಯದಲ್ಲಿ ಅಷ್ಟೇನೂ ವ್ಯತ್ಯಾಸ ಕಾಣಲಿಲ್ಲ, ಭಾವಮೈದುನ ಗೆದ್ದವನಂತೆ ನಕ್ಕ. ಮಂಜು ಕವಿದ ರಾತ್ರಿಯ ದೃಶ್ಯ ಬಂದಾಗ ಸ್ಟ್ರೀಮಿಂಗಿನ ಮಂಜು ಮೆಟ್ಟಿಲು ಮೆಟ್ಟಿಲಾಗಿ ನಿಂತಿತು, ಡಿಸ್ಕಿನ ಮಂಜು ಮಂಜಿನಂತೆಯೇ ಸರಿಯಿತು. ಅವನ ನಗು ನಿಂತಿತು. ಕ್ಯಾಮೆರಾ ಬದಿಗೆ ಸರಿಯುವಾಗ ಚಿತ್ರ ಎಡವಿದಂತೆ ಕಂಡರೆ ಪ್ಲೇಯರಿನಲ್ಲಿ ಸೆಕೆಂಡಿಗೆ 24 ಚೌಕಟ್ಟಿನ ಆಯ್ಕೆಯನ್ನು ಆನ್ ಮಾಡಿ. ಸ್ಟಿಕ್‌ನಲ್ಲಿಯೂ ಚೌಕಟ್ಟಿನ ವೇಗ ಹೊಂದಿಸುವ ಆಯ್ಕೆ ಇದ್ದರೆ ಹುಡುಕಿ ಹಾಕಿ.

ಹಳೆಯ ಡಿವಿಡಿಯ ಸಣ್ಣ ಚಿತ್ರವನ್ನು ಟಿವಿಯ ಪರದೆಯಷ್ಟಕ್ಕೆ ಹಿಗ್ಗಿಸುವ ಕೆಲಸ ಪ್ಲೇಯರಿಗೆ ಬಿಡಬೇಕೋ ಟಿವಿಗೋ ಎಂದು ಮೂರು ರಾತ್ರಿ ಕಣ್ಣು ಕೆಂಪಾಗಿಸಿಕೊಂಡೆ. ನಮ್ಮ ಮನೆಯಲ್ಲಿ ಟಿವಿಯೇ ಗೆದ್ದಿತು. ಹಾಗಾಗಿ ಡಿವಿಡಿಗೆ ಪ್ಲೇಯರಿನ ಹಿಗ್ಗಿಸುವಿಕೆಯನ್ನು ಆಫ್ ಮಾಡಿದ್ದೇನೆ. ನಿಮ್ಮ ಟಿವಿ ಹಳೆಯದಾದರೆ ಉತ್ತರ ತಿರುಗಾಮುರುಗಾ ಆದೀತು.

4ಕೆ ಡಿಸ್ಕಿನ ಆಸೆ ನನಗೂ ಇದೆ. ಆದರೆ ಆ ಯಂತ್ರಗಳು ಹಳೆಯದಾದರೂ ಬೆಲೆ ಬಿಡುವುದಿಲ್ಲ. ಒಪ್ಪೊ 2018ರಲ್ಲಿ ಪ್ಲೇಯರ್ ತಯಾರಿಕೆಯಿಂದ ಹೊರನಡೆಯಿತು, ಅದರ ಯಂತ್ರಗಳನ್ನು ಇಂದೂ ಜನ ಹೊಸದರ ಬೆಲೆಗಿಂತ ಹೆಚ್ಚು ಕೊಟ್ಟು ಒಯ್ಯುತ್ತಾರೆ. ಆಟದ ಕನ್ಸೋಲ್ ಇರುವವರು ಮೊದಲು ಅದನ್ನೇ ನೋಡಿಕೊಳ್ಳಲಿ: 2016ರ ಎಕ್ಸ್‌ಬಾಕ್ಸ್ ಒನ್ ಎಸ್ 4ಕೆ ಡಿಸ್ಕ್ ಓದುತ್ತದೆ, ಪ್ಲೇಸ್ಟೇಷನ್ 4 ಪ್ರೊ ಓದುವುದಿಲ್ಲ. ಹೆಸರು ನೋಡಿ ಮೋಸ ಹೋಗಬೇಡಿ.

ಕಳೆದ ತಿಂಗಳು ಭಾವಮೈದುನನ ಒಂದೇ ಪೆಟ್ಟಿಗೆಯ ಯಂತ್ರದಲ್ಲಿ ಎರಡನೇ ಆ್ಯಪ್ ಮುಚ್ಚಿಕೊಂಡಿತು. ಫೋನಿನಲ್ಲಿ ಹೇಳಲಿಲ್ಲ, ನೇರ ಮನೆಗೇ ಬಂದ. ಕಾಫಿ ಮುಗಿಯುವವರೆಗೂ ಮಾತು ಸುತ್ತಿ ಬಳಸಿ, ಎದ್ದು ಹೊರಡುವಾಗ, "ಭಾವ, ಆ ನಾಟಕದ ಡಿಸ್ಕನ್ನು ಶನಿವಾರ ಸ್ವಲ್ಪ ಕೊಡುತ್ತೀರಾ?" ಎಂದ. ಡಿಸ್ಕ್ ಕೊಡುವುದಿಲ್ಲ, ನಾನೇ ಬರುತ್ತೇನೆ ಎಂದು ಹೇಳಿದ್ದೇನೆ.